ಮ್ಯೂಸಿಯಮ್ಮಿನಲ್ಲಿ ಹೂಂಗುಟ್ಟಿದವರು

ಆ ಪ್ರವಾಸದಿಂದ ಮ್ಯೂಸಿಯಮ್ಮನ್ನು ತೆಗೆದುಹಾಕಿ ಎಂದು ನಮ್ಮ ಮಾಲೀಕರು ನನಗೆ ಹೇಳಿದ್ದು ಒಂದು ಸಲವಲ್ಲ. ಮೊದಮೊದಲು ನಾನು "ನೋಡೋಣ ಸರ್" ಎಂದೆ, ನೋಡುವ ಗೊಡವೆಗೆ ಹೋಗಲಿಲ್ಲ. ಹಟಮಾರಿ ಎಂಬ ಹೆಸರು ನನಗೆ ಮೈಸೂರಿನಲ್ಲಿದ್ದಾಗಲೇ ಬಂದಿತ್ತು. ಅಮೆರಿಕದ ಬೆಲ್‌ವ್ಯೂಗೆ ಬಂದ ಮೇಲೆ ಅದನ್ನು ಕಳೆದುಕೊಳ್ಳಲು ಕಾರಣವೇನೂ ಕಾಣಲಿಲ್ಲ.

ಮಾಲೀಕರದು ಪುಟ್ಟ ಬಸ್ ಕಂಪನಿ. ಶನಿವಾರ ಭಾನುವಾರ ಪಕ್ಕದೂರು ವುಡಿನ್‌ವಿಲ್‌ನ ವೈನರಿಗಳಿಗೆ ಜನರನ್ನು ಕರೆದೊಯ್ದು, ಕುಡಿದವರನ್ನು ಕ್ಷೇಮವಾಗಿ ಮನೆ ಮುಟ್ಟಿಸುವುದು ಅವರ ವ್ಯಾಪಾರ. ವಾರದ ನಡುವೆ ಬಸ್ಸುಗಳು ಸುಮ್ಮನೆ ನಿಂತಿರುತ್ತವೆ. ಅದೇ ಹೊತ್ತಿನಲ್ಲಿ ನಮ್ಮ ಬಡಾವಣೆ ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟುಗಳಲ್ಲಿ ಊರಿಂದ ಬಂದ ಅಪ್ಪ ಅಮ್ಮಂದಿರೂ ಸುಮ್ಮನೆ ಕೂತಿರುತ್ತಾರೆ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಸ್ಕೂಲಿಗೆ. ಖಾಲಿ ಬಸ್ಸಿಗೆ ಈ ಹಿರಿಯರನ್ನು ಹತ್ತಿಸಿದರೆ ಹೇಗೆ ಎಂದು ಮಾಲೀಕರಿಗೆ ಹೊಳೆಯಿತು. ಬುಧವಾರ ಬೆಳಿಗ್ಗೆ ಹೊರಟು, ಗಡಿ ದಾಟಿ, ಕೆನಡಾದ ಒಂದು ಸಣ್ಣ ಊರು ನೋಡಿಕೊಂಡು, ರಾತ್ರಿ ಊಟದ ಹೊತ್ತಿಗೆ ವಾಪಸ್. ಊರು ಆರಿಸುವುದು, ದಿನದ ಕಾರ್ಯಕ್ರಮ ಹೊಂದಿಸುವುದು, ಕನ್ನಡದಲ್ಲಿ ಗೈಡ್ ಆಗಿ ಜೊತೆಗೆ ಹೋಗುವುದು ನನ್ನ ಕೆಲಸ.

ನಾನು ಆರಿಸಿದ ಊರಿನ ಹೆಸರು ಇಲ್ಲಿ ಬೇಡ. ನದಿ ದಂಡೆಯ ಊರು. ಸುತ್ತ ಮೆಕ್ಕೆಜೋಳದ ಹೊಲ, ಹಣ್ಣಿನ ತೋಟ, ಹಿಂದೆ ಬೆಟ್ಟ. ಊರ ನಡುವೆ ಒಂದು ಕೆರೆ, ಅದರಲ್ಲಿ ಕಾಲಿನಿಂದ ತುಳಿದು ನಡೆಸುವ ದೋಣಿಗಳು. ನದಿಯುದ್ದಕ್ಕೂ ನಡೆಯಲು ಸಪಾಟಾದ ದಾರಿ, ಅಲ್ಲಲ್ಲಿ ಬೆಂಚು. ಹಳೆಯ ರೈಲ್ವೆ ಸ್ಟೇಷನ್ನಿನ ಕಟ್ಟಡದಲ್ಲಿ ಊರಿನ ಮ್ಯೂಸಿಯಮ್. ಒಳಗೆ ನದಿ ದಂಡೆಯ ಮೂಲನಿವಾಸಿಗಳು ಮೀನು ಒಣಗಿಸುತ್ತಿದ್ದ ಮರದ ಅಟ್ಟಣಿಗೆ, ಪ್ರವಾಹ ಬಂದಾಗ ನೀರು ನಿಂತ ಎತ್ತರ ಗುರುತು ಮಾಡಿದ ಕಂಬ, ಮರ ಕೊಯ್ಯುವ ಗಿರಣಿಯ ಗರಗಸಗಳು. ಒಂದು ಗೋಡೆಯ ತುಂಬ ಆ ಗಿರಣಿಯಲ್ಲಿ ದುಡಿಯಲು ಬಂದ ಪಂಜಾಬಿನ ಪೇಟಾಧಾರಿಗಳ ದೊಡ್ಡ ಫೋಟೋ. ನಾನು ಮೊದಲ ಸಲ ಒಬ್ಬಳೇ ಹೋಗಿ ನೋಡಿದಾಗ ಈ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ನಮ್ಮವರಿಗೆ ಇದನ್ನು ತೋರಿಸಲೇಬೇಕು ಎಂದು ಅಲ್ಲೇ ನಿಶ್ಚಯ ಮಾಡಿಕೊಂಡೆ.

ಮೊದಲ ಪ್ರವಾಸದ ದಿನ ಬಸ್ಸು ಹತ್ತಿದವರಲ್ಲಿ ಹುಬ್ಬಳ್ಳಿಯ ಒಬ್ಬ ಅಮ್ಮ ಇದ್ದರು. ಇಳಕಲ್ ಸೀರೆ, ಅದರ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಹೊಚ್ಚ ಹೊಸ ಬೂಟು. ಊರಲ್ಲಿ ಖಾನಾವಳಿ ನಡೆಸುವವರು. ರೊಟ್ಟಿ ಬಡಿಯುವ ಹೆಂಗಸರನ್ನೂ ಉಣ್ಣಲು ಬರುವ ಗಂಡಸರನ್ನೂ ಒಂದೇ ಗದರಿಕೆಯಲ್ಲಿ ನಿಭಾಯಿಸಿದವರು ಎಂದು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಅವರೇ ಹೇಳಿದರು. ದೀಪಾವಳಿಗೆ ಮುಂಚೆ ವಾಪಸ್ ಹೋಗಿ ಖಾನಾವಳಿಗೆ ಸುಣ್ಣ ಹೊಡೆಸಬೇಕು ಎಂದೂ ಹೇಳಿದರು. ಅವರನ್ನು ಬಿಡಲು ಬಂದಿದ್ದ ಮಗ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಂಗೆ ಇಂಗ್ಲಿಷ್ ಬರಲ್ಲ ಮೇಡಮ್, ಆದ್ರೆ ಮ್ಯಾನೇಜ್ ಮಾಡ್ತಾರೆ. ಏನ್ ಕೇಳಿದ್ರೂ ತಲೆ ಆಡಿಸಿ ಅಂತ ಹೇಳಿದೀನಿ," ಎಂದಿದ್ದ.

ಗಡಿಯಲ್ಲಿ ಬಸ್ಸಿನವರೆಲ್ಲ ಇಳಿದು ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕೆನಡಾದ ವೀಸಾ ಇಲ್ಲದವರನ್ನು ನಾವು ಬಸ್ಸಿಗೇ ಹತ್ತಿಸುವುದಿಲ್ಲ, ಮರಳಿ ಬರಲು ಅಮೆರಿಕದ ವೀಸಾ ಇನ್ನೂ ನಡೆಯುತ್ತದೆಯೇ ಎಂದು ನಾನು ಹಿಂದಿನ ದಿನವೇ ಪ್ರತಿಯೊಬ್ಬರದೂ ನೋಡಿರುತ್ತೇನೆ. ಹೀಗಾಗಿ ತೊಂದರೆ ಬರುವ ಹಾಗಿರಲಿಲ್ಲ. ನಾನು ಸಾಲಿನ ತುದಿಯಲ್ಲಿದ್ದೆ. ಅಮ್ಮ ಕೌಂಟರಿನ ಮುಂದೆ ನಿಂತು ನಗುನಗುತ್ತಾ ತಲೆ ಆಡಿಸುತ್ತಿದ್ದುದು ಕಾಣುತ್ತಿತ್ತು. ಅಧಿಕಾರಿ ಇನ್ನೊಂದು ಪ್ರಶ್ನೆ ಕೇಳಿದ. ಅಮ್ಮ ಇನ್ನೊಮ್ಮೆ ತಲೆ ಆಡಿಸಿದರು. ಅವನು ಗಂಭೀರನಾಗಿ ಮತ್ತೊಬ್ಬ ಅಧಿಕಾರಿಯನ್ನು ಕರೆದ.

ಅವನು ಕೇಳಿದ್ದು, ನಿಮ್ಮ ಬಳಿ ಬಂದೂಕು, ಚಾಕು ಇಂಥದ್ದೇನಾದರೂ ಇದೆಯೇ ಎಂದು.

ಇಡೀ ಬಸ್ಸಿನ ಸಾಮಾನು ಮೇಜಿನ ಮೇಲೆ ಬಂತು. ಅಮ್ಮನ ಚೀಲದಿಂದ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ ಪುಡಿ, ಅಗಸಿ ಚಟ್ನಿ ಪುಡಿ ಹೊರಬಂದವು. ಅಧಿಕಾರಿ ಕೈಗವಸು ಹಾಕಿಕೊಂಡು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಅವನದೇನೂ ತಪ್ಪಿರಲಿಲ್ಲ, ಹೌದು ಎಂದವರನ್ನು ಅವನು ಹೇಗೆ ಬಿಟ್ಟಾನು? ನಾನು ವಿವರಿಸಿ ಹೇಳಿ, ಅವನು ನಕ್ಕು, ನಾವು ಮತ್ತೆ ಬಸ್ಸು ಹತ್ತುವಷ್ಟರಲ್ಲಿ ನದಿ ದಂಡೆಯ ನಡಿಗೆಗೆ ಇಟ್ಟ ಹೊತ್ತೆಲ್ಲ ಕಳೆದುಹೋಗಿತ್ತು. ಬಸ್ಸಿನಲ್ಲಿ ಕೆಲವರು ಮೂಗು ಮುರಿದರು. ಅಮ್ಮ ಊರು ಬರುವವರೆಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮ್ಯೂಸಿಯಮ್ಮಿನಲ್ಲಿ ನಾನು ಎಂದಿನ ಹುರುಪಿನಿಂದ ಕನ್ನಡದಲ್ಲಿ ಶುರು ಮಾಡಿದೆ. ಮೀನಿನ ಅಟ್ಟಣಿಗೆಯ ಮುಂದೆ ನಿಂತು ಎರಡು ಮಾತು ಹೇಳುವುದರೊಳಗೆ ಎಲ್ಲರೂ "ಹ್ಞೂಂ" ಎಂದರು. ನಮ್ಮವರ ಅಭ್ಯಾಸ ಗೊತ್ತಿದ್ದದ್ದೇ. ಕಥೆ ಹೇಳುವವರಿಗೆ ಎದುರಿನಿಂದ ಹೂಂ ಬರಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ನಾನು ಹೇಳಿದಷ್ಟೂ ಹೂಂ ದೊಡ್ಡದಾಯಿತು, ನಡುವೆ "ಅಯ್ಯೋ ಪಾಪ", "ಹೌದೇನು?" ಎಂಬ ಉದ್ಗಾರಗಳು ಸೇರಿದವು. ಪ್ರವಾಹದ ಕಂಬದ ಹತ್ತಿರ ಹೋಗುವಷ್ಟರಲ್ಲಿ ಮ್ಯೂಸಿಯಮ್ಮಿನ ಮ್ಯಾನೇಜರ್ ಬಂದರು. ತೆಳ್ಳಗಿನ, ಸದಾ ಮೆಲುದನಿಯ ಮನುಷ್ಯ.

ಹೊರಗಿನ ಗೈಡುಗಳು ಒಳಗೆ ನಿಂತು ವಿವರಣೆ ಕೊಡುವಂತಿಲ್ಲ, ಅದು ಇಲ್ಲಿನ ನಿಯಮ ಎಂದರು. ವಿವರಣೆ ಕೊಡುವವರು ಮ್ಯೂಸಿಯಮ್ಮಿನ ಸ್ವಯಂಸೇವಕರು ಮಾತ್ರ, ಅದೂ ಇಂಗ್ಲಿಷ್ ಇಲ್ಲವೇ ಫ್ರೆಂಚಿನಲ್ಲಿ. ಜೊತೆಗೆ ನಿಮ್ಮವರ ಸದ್ದಿನಿಂದ ಬೇರೆಯವರಿಗೆ ತೊಂದರೆಯಾಗುತ್ತಿದೆ, ಜಗಳವಾಗುತ್ತಿದೆಯೇ ಎಂದು ಒಬ್ಬರು ಬಂದು ಕೇಳಿದರು ಎಂದರು. ಆಮೇಲೆ ಬಹಳ ವಿನಯದಿಂದ ಎಲ್ಲರಿಗೂ ಇಂಗ್ಲಿಷ್ ವಿವರಣೆಯನ್ನು ಕಿವಿಗೆ ಹಿಡಿದುಕೊಂಡು ಕೇಳುವ ಒಂದೊಂದು ಯಂತ್ರ ಹಂಚಿಸಿದರು. ಪರವೂರು, ಪರರ ಮನೆ, ಮೊದಲ ಪ್ರವಾಸ ಎಂದು ಸುಮ್ಮನಾದೆ.

ಇಪ್ಪತ್ತು ಜನ ಹಿರಿಯರು ಕಿವಿಗೆ ಯಂತ್ರ ಒತ್ತಿಕೊಂಡು ಸದ್ದಿಲ್ಲದೆ ಓಡಾಡಿದರು. ಇಂಗ್ಲಿಷ್ ಬಲ್ಲ ನಾಲ್ಕಾರು ಜನ ಕೇಳಿದರು, ಉಳಿದವರು ಗಾಜಿನ ಪೆಟ್ಟಿಗೆಗಳನ್ನು ನೋಡುತ್ತಾ ಸಾಗಿದರು. ಹುಬ್ಬಳ್ಳಿಯ ಅಮ್ಮ ಪೇಟಾಧಾರಿಗಳ ಫೋಟೋದ ಮುಂದೆ ನಿಂತು ಯಂತ್ರವನ್ನು ಕಿವಿಗಿಟ್ಟುಕೊಂಡು ಮೆಲ್ಲಗೆ ತಲೆ ಆಡಿಸುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಯಂತ್ರದ ದೀಪ ಹತ್ತಿರಲಿಲ್ಲ.

"ಅಮ್ಮಾ, ಇದು ಆನ್ ಆಗೇ ಇಲ್ಲ. ಕೊಡಿ, ಹಾಕಿ ಕೊಡ್ತೀನಿ," ಎಂದೆ.

"ಇರ್ಲಿ ಬಿಡು ತಂಗಿ. ಚಾಲೂ ಇದ್ರೂ ಅಷ್ಟ, ಬಂದ್ ಇದ್ರೂ ಅಷ್ಟ," ಎಂದರು. ಯಂತ್ರವನ್ನು ಕಿವಿಯಿಂದ ಕೆಳಗಿಳಿಸಿ, "ಅಮೆರಿಕಾಕ್ಕ ಬಂದಾಗಿಂದ ಹಿಂಗ ತಲಿ ಆಡಿಸಾಕತ್ತೀನಿ. ಮಗಾ ಸೊಸಿ ಏನರ ಅಂತಾರ, ಆಡಿಸ್ತೀನಿ. ಮೊಮ್ಮಗಳು ಏನರ ಅಂತೈತಿ, ಆಡಿಸ್ತೀನಿ. ಇವತ್ತ ಆ ಪೊಲೀಸಪ್ಪನ ಮುಂದನೂ ಆಡಿಸಿ ನಿಮಗೆಲ್ಲಾ ತ್ರಾಸ ಕೊಟ್ಟೆ," ಎಂದರು.

ನನಗೆ ಸಿಟ್ಟು ಬಂತು. ಮ್ಯಾನೇಜರ್ ಮೇಲಲ್ಲ, ನನ್ನ ಮೇಲೆ. ಈ ಹೆಂಗಸಿಗೆ ಅರ್ಥವಾಗುವ ಹಾಗೆ ಹೇಳಲೆಂದೇ ನನಗೆ ಸಂಬಳ, ಹೇಳಬೇಡ ಎಂದ ಕೂಡಲೇ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಎರಡು ದಿನ ಬಿಟ್ಟು ಮಾಲೀಕರು ಫೋನ್ ಮಾಡಿದರು. ಮ್ಯೂಸಿಯಮ್ಮಿನಿಂದ ದೂರಿನ ಇಮೇಲ್ ಬಂದಿತ್ತು. ಮಾಲೀಕರು ಬೆಂಗಳೂರಿನವರು, ಒಳ್ಳೆಯವರೇ, ಆದರೆ ಗಿರಾಕಿಗಳ ಮುಖದ ಮೇಲಿನ ನಗುವೊಂದೇ ಅವರಿಗೆ ಲೆಕ್ಕ.

"ನೋಡಿ, ಪೇರೆಂಟ್ಸ್‌ಗೆ ಮ್ಯೂಸಿಯಮ್ ಯಾಕೆ ಬೇಕು? ಔಟ್‌ಲೆಟ್ ಮಾಲ್‌ಗೆ ಕರ್ಕೊಂಡ್ ಹೋಗಿ. ಮೊಮ್ಮಕ್ಕಳಿಗೆ ಶರ್ಟ್ ತಗೋತಾರೆ, ಕೆರೆ ಹತ್ರ ಫೋಟೋ ಹೊಡ್ಕೋತಾರೆ, ಐಸ್‌ಕ್ರೀಮ್ ತಿಂತಾರೆ. ಎಲ್ಲರೂ ಹ್ಯಾಪಿ," ಎಂದರು.

"ಮಾಲ್ ನೋಡೋಕೆ ಗಡಿ ದಾಟಬೇಕಾ ಸರ್? ನಮ್ಮ ಕ್ರಾಸ್‌ರೋಡ್ಸ್‌ನಲ್ಲೇ ಇದೆ, ನಡ್ಕೊಂಡ್ ಹೋಗ್ತಾರೆ."

"ಅವ್ರಿಗೆ ಮ್ಯೂಸಿಯಮ್ ಅರ್ಥ ಆಗಲ್ಲ ಅಂತಾನೇ ನಾನು ಹೇಳ್ತಿರೋದು."

"ಅರ್ಥ ಮಾಡಿಸೋಕೆ ಬಿಡಲಿಲ್ಲ ಸರ್. ಅದು ಬೇರೆ, ಇದು ಬೇರೆ."

ಮಾತು ಬೆಳೆಯಿತು. ಕೊನೆಗೆ ಅವರು ಇನ್ನೊಂದೇ ಅವಕಾಶ ಎಂದರು. ಮತ್ತೊಂದು ದೂರು ಬಂದರೆ ಬುಧವಾರದ ಬಸ್ಸು ಮಾಲ್‌ಗೆ. ಹಾಗೇನಾದರೂ ಆದರೆ ಆ ಬಸ್ಸಿಗೆ ಬೇರೆ ಗೈಡ್ ನೋಡಿಕೊಳ್ಳಿ ಎಂದು ಹೇಳಿ ಫೋನ್ ಇಟ್ಟೆ.

ಅದೇ ಸಂಜೆ ಹುಬ್ಬಳ್ಳಿ ಅಮ್ಮನ ಮಗ ಕಾಲ್ ಮಾಡಿದ. "ಅಮ್ಮಂಗೆ ಮುಂದಿನ ಟ್ರಿಪ್‌ಗೂ ಹೋಗ್ಬೇಕಂತೆ ಮೇಡಮ್. ನೋಡಿದ್ದೇ ಯಾಕೆ ಮತ್ತೆ ಅಂದ್ರೆ ಕೇಳ್ತಿಲ್ಲ. ಎನಿವೇ, ಟೈಮ್ ಇದೆ ಬಿಡಿ. ಆ ಟ್ರಿಪ್ ಆದ್ಮೇಲೆ ಅವ್ರ ಸ್ಟೇ ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡ್ತಿದೀವಿ, ಇನ್ನಾರು ತಿಂಗಳು ಇರ್ತಾರೆ," ಎಂದ.

"ದೀಪಾವಳಿಗೆ ಊರಿಗೆ ಹೋಗ್ತೀನಿ ಅಂತಿದ್ರು?"

"ಇಲ್ಲ ಇಲ್ಲ, ಅವ್ರನ್ನ ಕೇಳಿದೀನಿ. ಓಕೆ ಅಂತ ತಲೆ ಆಡಿಸಿದ್ರು."

ಹೇಳಬೇಕಿದ್ದ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ತಾಯಿ ಮಗನ ನಡುವಿನ ವಿಷಯ, ಗೈಡ್ ಆದ ನಾನು ಫೋನಿನಲ್ಲಿ ಅದಕ್ಕೆ ಕೈ ಹಾಕುವುದು ಸರಿಯಲ್ಲ ಎನಿಸಿತು. ಅಮ್ಮನ ಹೆಸರು ಬರೆದುಕೊಂಡೆ.

ರಜೆಯ ದಿನ ಕಾರು ತೆಗೆದುಕೊಂಡು ಒಬ್ಬಳೇ ಆ ಊರಿಗೆ ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಮ್ಯಾನೇಜರ್ ಎದುರು ಏನು ಹೇಳಬೇಕೆಂದು ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಹೊರಗಿನವರು ವಿವರಣೆ ಕೊಡುವಂತಿಲ್ಲ, ಸರಿ. ಮ್ಯೂಸಿಯಮ್ಮಿನ ಸ್ವಯಂಸೇವಕರೇ ಕೊಡಲಿ. ಕೊಟ್ಟದ್ದನ್ನು ನಾನು ಹಿಂದಿನಿಂದ ಕನ್ನಡದಲ್ಲಿ ಹೇಳಿದರೆ ಅದು ಯಾವ ನಿಯಮಕ್ಕೆ ಅಡ್ಡ?

ಇದು ನನಗೆ ಹೊಸದಾಗಿ ಹೊಳೆದದ್ದಲ್ಲ. ಮೈಸೂರಿನಲ್ಲಿ ನಮ್ಮ ಬೀದಿಯ ರಾಮಮಂದಿರದಲ್ಲಿ ಗಮಕ ನಡೆಯುತ್ತಿತ್ತು. ನನ್ನ ಸೋದರತ್ತೆ ಹಳಗನ್ನಡದ ಪದ್ಯವನ್ನು ರಾಗವಾಗಿ ವಾಚನ ಮಾಡುವರು, ಪಕ್ಕದಲ್ಲಿ ಕೂತ ಮೇಷ್ಟರು ಅದರ ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುವರು. ಒಬ್ಬರ ಮಾತಿನೊಳಗೆ ಇನ್ನೊಬ್ಬರು ನುಗ್ಗುವಂತಿಲ್ಲ. ಅತ್ತೆ ನಾಲ್ಕು ಸಾಲು ಹೇಳಿ ನಿಲ್ಲಿಸಿ ಮೇಷ್ಟರ ಕಡೆ ನೋಡುವರು, ಮೇಷ್ಟರು ಮುಗಿಸುವಾಗ ಕೊನೆಯ ಮಾತನ್ನು ಒಂದಿಷ್ಟು ಎಳೆದು ಅತ್ತೆಯ ಕಡೆ ನೋಡುವರು. ಪದ್ಯ ಯಾರಿಗೂ ಅರ್ಥವಾಗದು ಎಂದು ಅಲ್ಲಿ ಯಾರೂ ಎದ್ದುಹೋದದ್ದನ್ನು ನಾನು ಕಂಡಿಲ್ಲ.

ಮ್ಯಾನೇಜರ್ ತಾಳ್ಮೆಯಿಂದ ಕೇಳಿದರು. ಪಕ್ಕದಲ್ಲಿ ಒಬ್ಬ ಹಿರಿಯ ಸ್ವಯಂಸೇವಕಿ ಕೂತಿದ್ದರು. ಆ ಊರಲ್ಲೇ ಹುಟ್ಟಿ ಬೆಳೆದ ಬಿಳಿಯ ಹೆಂಗಸು, ನನ್ನ ತಾಯಿಯ ವಯಸ್ಸು. ಗಮಕದ ವಿಷಯ ಹೇಳಿದಾಗ ಆಕೆಯ ಮುಖ ಅರಳಿತು. ಮ್ಯಾನೇಜರ್ ಯೋಚಿಸಿ ಒಂದು ದಾರಿ ತೋರಿಸಿದರು. ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಬೇಕಾದರೆ ಆ ದಿನ ನಿಮಗಾಗಿ ಬಾಗಿಲು ತೆಗೆಸುತ್ತೇನೆ. ಯಾರೂ ಇರುವುದಿಲ್ಲ, ಎಷ್ಟು ಬೇಕಾದರೂ ಸದ್ದು ಮಾಡಿಕೊಳ್ಳಿ.

ಕಾರಿಗೆ ಹೋಗಿ ಮಾಲೀಕರಿಗೆ ಕಾಲ್ ಮಾಡಿದೆ. "ಸೂಪರ್," ಎಂದರು. "ಬುಧವಾರದ ಬದ್ಲು ಸೋಮವಾರ. ಮುಗೀತಲ್ಲ ಪ್ರಾಬ್ಲಮ್."

ಮುಗಿದಿತ್ತು ನಿಜ. ಕಾರಿನಲ್ಲಿ ಕೂತೇ ಇದ್ದೆ. ಎದುರಿಗೆ ಮ್ಯೂಸಿಯಮ್ಮಿನ ಬಾಗಿಲಿನಿಂದ ಜನ ಹೋಗುತ್ತಿದ್ದರು, ಬರುತ್ತಿದ್ದರು. ಜೋರಾಗಿ ನಗುತ್ತಿದ್ದ ಗೆಳತಿಯರ ಗುಂಪು, ಅಳುವ ಮಗುವನ್ನು ಎತ್ತಿಕೊಂಡ ತಂದೆ. ಇವರಿಗೆ ಯಾರೂ ರಜೆಯ ದಿನ ಬನ್ನಿ ಎಂದಿರಲಿಲ್ಲ. ಮನೆಗೆ ದೊಡ್ಡವರು ಬರುವಾಗ ಕೆಲವರನ್ನು ಹಿತ್ತಲಲ್ಲಿ ಕೂರಿಸುವುದುಂಟು, ನನಗೆ ಅದು ನೆನಪಾಯಿತು. ವಾಪಸ್ ಒಳಗೆ ಹೋದೆ.

"ಸೋಮವಾರ ಬೇಡ," ಎಂದೆ. "ನಮ್ಮವರು ಎಲ್ಲರ ಹಾಗೆ ಬಾಗಿಲು ತೆಗೆದಿರುವ ದಿನವೇ ಬರುತ್ತಾರೆ. ವಾಚನ ನಿಮ್ಮವರದು, ವ್ಯಾಖ್ಯಾನ ನನ್ನದು."

ಮ್ಯಾನೇಜರ್ ಸಿಟ್ಟಾಗಲಿಲ್ಲ, ಅವರ ದನಿ ಇನ್ನಷ್ಟು ಮೆಲ್ಲಗಾಯಿತು. ಬನ್ನಿ, ಆದರೆ ಒಬ್ಬರೇ ಒಬ್ಬರು ದೂರು ಹೇಳಿದರೂ ನಿಲ್ಲಿಸಬೇಕಾಗುತ್ತದೆ, ನಿಮ್ಮ ಕಂಪನಿಗೂ ತಿಳಿಸಬೇಕಾಗುತ್ತದೆ ಎಂದರು. ಆಗಲಿ ಎಂದೆ. ಹಿಂದಿರುಗುವ ದಾರಿಯಲ್ಲಿ ಮಾಲೀಕರಿಗೆ ಮತ್ತೆ ಕಾಲ್ ಮಾಡಿ ವಿಷಯ ಹೇಳಿದಾಗ, "ನಿಮ್ಮಿಷ್ಟ. ಆದ್ರೆ ಹೇಳಿದ್ದು ನೆನಪಿರ್ಲಿ," ಎಂದರು.

ಎರಡನೇ ಪ್ರವಾಸದ ಬುಧವಾರ ಮೋಡವಿತ್ತು. ಹತ್ತಿರದ ಊರು ಶೋರ್‌ಲೈನ್‌ನ ನಮ್ಮ ಡ್ರೈವರ್, ಹಿಂದೆ ಶಾಲಾ ಬಸ್ಸು ಓಡಿಸುತ್ತಿದ್ದವನು, ಗಡಿ ಹತ್ತಿರ ಬಂದಾಗ ಕನ್ನಡಿಯಲ್ಲಿ ಹುಬ್ಬಳ್ಳಿಯ ಅಮ್ಮನನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಕೌಂಟರಿನಲ್ಲಿ ಅಧಿಕಾರಿ ಪ್ರಶ್ನೆ ಕೇಳಿದ. ಅಮ್ಮ ತಲೆ ಆಡಿಸಲಿಲ್ಲ. ಕತ್ತನ್ನು ಗಟ್ಟಿಯಾಗಿ ಹಿಡಿದು ನಿಂತು, "ನೋ ಇಂಗ್ಲಿಷ್," ಎಂದರು. ನನ್ನ ಕಡೆ ಬೆರಳು ತೋರಿಸಿ, "ಆಕಿನ್ನ ಕರಿ," ಎಂದರು. ಅವನು ಕರೆದ. ನಾನು ಅವನ ಪ್ರಶ್ನೆ ಕನ್ನಡದಲ್ಲಿ ಹೇಳಿದೆ, ಅಮ್ಮ ಉತ್ತರ ಕೊಟ್ಟರು, ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ರೊಟ್ಟಿ ಚೀಲದಲ್ಲೇ ಉಳಿಯಿತು.

ಮ್ಯೂಸಿಯಮ್ಮಿನಲ್ಲಿ ಶುರುವಿಗೇ ಎಡವಿದೆವು. ಸ್ವಯಂಸೇವಕಿಗೆ ನಿಲ್ಲಿಸಿ ಗೊತ್ತಿಲ್ಲ, ಮೀನಿನ ಕಥೆ ಹಿಡಿದರೆ ನದಿಯ ಹುಟ್ಟಿನವರೆಗೆ ಹೋಗಿಬಿಡುವರು. ಅಷ್ಟುದ್ದದ್ದನ್ನು ನಾನು ನೆನಪಿಟ್ಟು ಹೇಳುವಷ್ಟರಲ್ಲಿ ಅರ್ಧ ಬಿಟ್ಟುಹೋಗಿ, ಬಿಟ್ಟದ್ದು ನಡುವೆ ನೆನಪಾಗಿ, ಹಿಂದಕ್ಕೆ ಹೋಗಿ, ಎಲ್ಲ ಕಲಸುಮೇಲೋಗರ. ನಮ್ಮ ಹಿಂದೆ ಬೇರೆ ಜನ ನಿಂತುಕೊಂಡರು. ಬೆವರು ಬಂತು. ನಾನು ಆಕೆಯನ್ನು ಪಕ್ಕಕ್ಕೆ ಕರೆದು, ನನ್ನ ಸೋದರತ್ತೆ ಮಾಡುತ್ತಿದ್ದುದನ್ನು ಮಾಡಿ ತೋರಿಸಿದೆ. ಕೆಲವೇ ವಾಕ್ಯ ಹೇಳಿ, ನನ್ನ ಮುಖ ನೋಡಿ. ನಾನು ಹೇಳಿ ಮುಗಿಸಿದಾಗ ಇವರು ಹೂಂ ಎನ್ನುತ್ತಾರೆ. ಹೂಂ ಕೇಳಿಸಿದ ಮೇಲೆಯೇ ಮುಂದಿನದು. ಹೂಂ ಬರದಿದ್ದರೆ ಅರ್ಥವಾಗಿಲ್ಲ ಎಂದು ತಿಳಿದು ಇನ್ನೊಮ್ಮೆ ಹೇಳಿ.

ಪ್ರವಾಹದ ಕಂಬದ ಹತ್ತಿರ ಅದು ಕೂಡಿಬಂತು. ಆಕೆ ನೀರು ಏರಿದ್ದನ್ನು ಹೇಳಿ ನಿಲ್ಲಿಸಿದರು. ನಾನು ಹೇಳಿದೆ. "ಹ್ಞೂಂ," ಎಂದರು ಎಲ್ಲರೂ. ಆಕೆ ದನಗಳನ್ನು ಸ್ಟೇಷನ್ನಿನ ಎತ್ತರದ ಕಟ್ಟೆಯ ಮೇಲೆ ಹತ್ತಿಸಿದ್ದನ್ನು ಹೇಳಿದರು. ನಾನು ಹೇಳಿದೆ. "ಹ್ಞೂಂ." ಆಕೆಯ ಮಾತು ತಾನಾಗಿ ಚಿಕ್ಕದಾಯಿತು, ಚೊಕ್ಕವಾಯಿತು, ನಿಲ್ಲಿಸುವ ಜಾಗ ಆಕೆಗೇ ಗೊತ್ತಾಗತೊಡಗಿತು. ನಾನಂತೂ ಎಷ್ಟೋ ವರ್ಷಗಳಿಂದ ಅಷ್ಟು ಖುಷಿಯಾಗಿ ಕೆಲಸ ಮಾಡಿರಲಿಲ್ಲ.

ಪೇಟಾಧಾರಿಗಳ ಗೋಡೆಗೆ ಬಂದೆವು. ಗಿರಣಿಯ ಕೆಲಸ, ಚಳಿ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬಿಡದ ಕಾಲ. ಹೂಂ ಎನ್ನುವ ದನಿ ತಗ್ಗಿತ್ತು. ಆಗಲೇ ಮ್ಯಾನೇಜರ್ ಬಂದರು. ಅವರ ಹಿಂದೆ ಯಂತ್ರ ಹಿಡಿದ ಒಬ್ಬ ವ್ಯಕ್ತಿ, ತನಗೆ ಯಂತ್ರದ ಮಾತು ಕೇಳಿಸುತ್ತಿಲ್ಲ ಎಂದು ದೂರು ಹೇಳಿದವನು. ಮ್ಯಾನೇಜರ್ ನನ್ನನ್ನು ಬಿಟ್ಟು, ಎಲ್ಲರಿಗಿಂತ ಮುಂದೆ ನಿಂತಿದ್ದ ಹುಬ್ಬಳ್ಳಿಯ ಅಮ್ಮನಿಗೆ ನಗುತ್ತಾ, ದಯವಿಟ್ಟು ಇಲ್ಲಿಗೆ ನಿಲ್ಲಿಸೋಣವೇ, ಆಗಬಹುದಲ್ಲವೇ ಎಂದು ಕೇಳಿದರು. ತಲೆ ಆಡಿಸುತ್ತಾರೆ ಎಂದು ಅವರಿಗೆ ಖಾತ್ರಿಯಿತ್ತು. ಹಿಂದಿನ ಸಲ ಯಂತ್ರ ಕೊಟ್ಟಾಗ ಆಡಿಸಿದ್ದರಲ್ಲ.

ಅಮ್ಮನ ತಲೆ ಅಲುಗಲಿಲ್ಲ. "ಏನಂತಾನ ಅಂವ?" ಎಂದು ನನ್ನನ್ನು ಕೇಳಿದರು.

"ಸದ್ದಾಗ್ತಿದೆಯಂತೆ ಅಮ್ಮ. ಇಲ್ಲಿಗೆ ಸಾಕು ಮಾಡಿ ಅಂತಿದಾರೆ."

ಅಮ್ಮ ಮ್ಯಾನೇಜರನ್ನು ಮೇಲಿಂದ ಕೆಳಗೆ ನೋಡಿದರು. ಖಾನಾವಳಿಯಲ್ಲಿ ಊಟದ ನಡುವೆ ಗದ್ದಲ ಎಬ್ಬಿಸಿದವರನ್ನು ಹೀಗೇ ನೋಡುತ್ತಿದ್ದಿರಬೇಕು. "ನಾವೂ ಟಿಕೇಟ್ ತಗೊಂಡ ಬಂದೀವಿ. ಅರ್ಧಾ ಊಟದಾಗ ಯಾರೂ ಎಬ್ಬಸೂದಿಲ್ಲ ಅಂತ ಹೇಳು ಅವಗ," ಎಂದವರೇ ಗೋಡೆಯ ಮುಂದಿನ ಬೆಂಚಿನ ಮೇಲೆ ಕೂತುಬಿಟ್ಟರು. ಅವರನ್ನು ನೋಡಿ ಮಿಕ್ಕವರೂ ಜಾಗವಿದ್ದಲ್ಲಿ ಕೂತರು. ಆಮೇಲೆ ಅಮ್ಮ ಸ್ವಯಂಸೇವಕಿಯ ಕಡೆ ತಿರುಗಿ, ಫೋಟೋದತ್ತ ಕೈ ಮಾಡಿ, "ಇಷ್ಟು ಮಂದಿ ಗಂಡಸೂರ ಅದಾರ, ಹೆಂಗಸರು ಒಬ್ಬಾಕೀನೂ ಇಲ್ಲ. ಇವರಿಗೆ ಅಡಿಗಿ ಯಾರು ಮಾಡತಿದ್ರು? ಕೇಳು," ಎಂದರು.

ನಾನು ಮೊದಲು ಮ್ಯಾನೇಜರಿಗೆ ಅಮ್ಮ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಪ್ರಶ್ನೆಯನ್ನು ಸ್ವಯಂಸೇವಕಿಗೆ ಹೇಳಿದೆ. ಆಕೆ ಒಮ್ಮೆ ಮ್ಯಾನೇಜರ್ ಕಡೆ ನೋಡಿದರು, ಒಮ್ಮೆ ಅಮ್ಮನ ಕಡೆ.

"ಗಿರಣಿಯ ಹಿಂದೆ ಅವರದೇ ಒಂದು ಅಡುಗೆಮನೆ ಇತ್ತು," ಎಂದರು ಅಮ್ಮನಿಗೆ. "ಎಲ್ಲರೂ ಸೇರಿ ಒಬ್ಬ ಅಡುಗೆಯವನನ್ನು ಇಟ್ಟುಕೊಂಡಿದ್ದರು. ಅವನ ಹೆಸರು ನನಗೆ ಗೊತ್ತಿಲ್ಲ." ಅಷ್ಟು ಹೇಳಿ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ ಹೇಳಿ, ಕೊನೆಯ ಮಾತನ್ನು ಸ್ವಲ್ಪ ಎಳೆದೆ.

"ಹ್ಞೂಂ," ಎಂದರು ಅಮ್ಮ. "ಮುಂದ?"

ಮ್ಯಾನೇಜರ್ ಸ್ವಯಂಸೇವಕಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಗಟ್ಟಿಯಾಗಿಯೇ ಉತ್ತರಿಸಿದರು. "ನನಗೆ ನೀವು ಸಂಬಳ ಕೊಡುವುದಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವುದು ಹೇಗೆ ಅಂತ ನೀವು ಯೋಚನೆ ಮಾಡುತ್ತಿರಿ, ಅಷ್ಟರಲ್ಲಿ ನಾನು ಇವರಿಗೆ ಇದನ್ನು ಮುಗಿಸುತ್ತೇನೆ." ಮುಗಿಸಿದರು. ಯಂತ್ರ ಹಿಡಿದವನು ಸ್ವಲ್ಪ ಹೊತ್ತು ನಿಂತು, ಬೇರೆ ಕೋಣೆಗೆ ಹೋದ. ಮ್ಯಾನೇಜರ್ ಕೊನೆಯವರೆಗೂ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

ದೂರು ಬಾರದೆ ಇರಲಿಲ್ಲ. ನಾವು ಕೆರೆಯ ಬಳಿ ಇದ್ದಾಗಲೇ ಮಾಲೀಕರ ಕಾಲ್ ಬಂತು. ನಮ್ಮವರು ಸೀರೆ ಪಂಚೆ ಎತ್ತಿ ಕಟ್ಟಿ, ಲೈಫ್ ಜಾಕೆಟ್ ತೊಟ್ಟು ದೋಣಿ ತುಳಿಯುತ್ತಾ, ನೀರಿನ ನಡುವೆಯೂ ಅಡುಗೆಯವನ ಹೆಸರು ಏನಿದ್ದೀತು ಎಂದು ಒಂದು ದೋಣಿಯಿಂದ ಇನ್ನೊಂದಕ್ಕೆ ಕೂಗಿ ಚರ್ಚೆ ಮಾಡುತ್ತಿದ್ದರು.

"ಇಮೇಲ್ ಬಂದಿದೆ," ಎಂದರು ಮಾಲೀಕರು. "ಹೇಳಿದ್ನಲ್ಲ. ಮುಂದಿನ ವಾರದಿಂದ ಮಾಲ್."

"ಒಂದ್ನಿಮಿಷ ಸರ್, ಕೇಳಿಸ್ಕೊಳಿ," ಎಂದು ಫೋನನ್ನು ಕೆರೆಯ ಕಡೆ ಹಿಡಿದೆ. ಕೂಗಾಟ, ನಗು, ನೀರಿನ ಸದ್ದು. "ನಿಮ್ಮ ಹ್ಯಾಪಿ ಗಿರಾಕಿಗಳು. ಮ್ಯೂಸಿಯಮ್ ಬಗ್ಗೆ ಜಗಳ ಆಡ್ತಿದಾರೆ. ಮುಂದಿನ ಬುಧವಾರಕ್ಕೆ ಆ ವಾಲಂಟಿಯರ್ ಬರ್ತೀನಿ ಅಂದಿದಾರೆ, ನಾನೂ ಬರ್ತೀನಿ ಅಂದಿದೀನಿ. ಮಾಲ್‌ಗೆ ಬಸ್ ಕಳಿಸೋದಾದ್ರೆ ಕಳಿಸಿ, ನಾನು ನನ್ನ ಕಾರಲ್ಲಿ ಆಗೋಷ್ಟು ಜನನ್ನ ಕೂರಿಸ್ಕೊಂಡು ಇಲ್ಲಿಗೇ ಬರ್ತೀನಿ."

ಅವರು ಫೋನ್ ಇಟ್ಟರು. ಮುಂದಿನ ವಾರದ ಬಸ್ಸು ಯಾವ ಕಡೆ ಹೋಗುತ್ತದೆ ಎಂದು ಆ ದಿನ ನನಗೆ ಗೊತ್ತಿರಲಿಲ್ಲ. ನಾನು ಯಾವ ಕಡೆ ಹೋಗುತ್ತೇನೆ ಎಂಬುದು ಗೊತ್ತಿತ್ತು.

ಮರಳುವಾಗ ಅಮ್ಮ ಮತ್ತೆ ನನ್ನ ಪಕ್ಕ ಕೂತರು. ಗಡಿ ದಾಟಿ, ಹೊಲಗಳೆಲ್ಲ ಹಿಂದೆ ಸರಿದ ಮೇಲೆ ನಾನು ಇಷ್ಟೇ ಹೇಳಿದೆ: "ಅಮ್ಮಾ, ನಿಮ್ಮ ಮಗ ನಿಮ್ಮನ್ನ ಏನೋ ಕೇಳಿದ್ರಂತೆ, ನೀವು ಆಗಲಿ ಅಂತ ತಲೆ ಆಡಿಸಿದ್ರಂತೆ. ಏನು ಕೇಳಿದ್ರು ಅಂತ ಒಂದ್ಸಲ ಕೇಳ್ಕೊಳ್ಳಿ." ಅಮ್ಮ ನನ್ನ ಮುಖವನ್ನೇ ನೋಡಿದರು.

ಕ್ರಾಸ್‌ರೋಡ್ಸ್‌ನ ಪಾರ್ಕಿಂಗ್ ಜಾಗದಲ್ಲಿ ಮಗ ಕಾರಿನ ಬಾಗಿಲು ತೆಗೆದು ಹಿಡಿದಿದ್ದ. ಅಮ್ಮ ಕಾರು ಹತ್ತಲಿಲ್ಲ.

"ನೀ ನನ್ನ ಏನೋ ಕೇಳಿದ್ದೆಂತ. ನಾ ಯಾದಕ್ಕ ತಲಿ ಆಡಿಸೀನಿ, ಮದ್ಲಿಂದ ಹೇಳು," ಎಂದರು.

ಮಗ ನನ್ನ ಕಡೆ ಒಮ್ಮೆ ನೋಡಿದ. "ಅದೇ ಅಮ್ಮ, ಐ-ನೈಂಟಿಫೋರ್ ಎಕ್ಸ್‌ಪೈರ್ ಆಗೋಕ್ ಮುಂಚೆ ಎಕ್ಸ್‌ಟೆನ್ಷನ್ ಫೈಲ್ ಮಾಡಿದ್ರೆ..."

ಅಮ್ಮನ ತಲೆ ಅಲುಗಲಿಲ್ಲ, ಹೂಂ ಬರಲಿಲ್ಲ. ಅವನು ನಿಲ್ಲಿಸಿದ. ಇನ್ನೊಮ್ಮೆ ಶುರು ಮಾಡಿದ, ಮತ್ತೆ ನಿಲ್ಲಿಸಿದ. ಕಾರಿನ ಬಾಗಿಲು ಮುಚ್ಚಿ, ತಾಯಿಯ ಎದುರು ಬಂದು ನಿಂತ.

"ಯವ್ವಾ," ಎಂದ. ಅವನ ಬಾಯಲ್ಲಿ ಹುಬ್ಬಳ್ಳಿಯ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ನೀ ದೀಪಾವಳಿಗೆ ಊರಿಗೆ ಹೋಗೂದು ಬ್ಯಾಡ."

"ಹ್ಞೂಂ."

"ಇನ್ನಾರ ತಿಂಗಳ ಇಲ್ಲೇ ಇರ್ಲಿ ಅಂತ ಸರಕಾರಕ್ಕ ಅರ್ಜಿ ಹಾಕಾಕತ್ತೀವಿ."

"ಹ್ಞೂಂ."

"ಅಷ್ಟ. ಆಗಬಹುದೇನು?"

ಅಮ್ಮ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಏರಿಸಿಕೊಂಡರು.

"ಈಗ ತಿಳೀತು," ಎಂದರು. "ಒಲ್ಲೆ."